ಕಾಮೆಂಟ್ರಿ ಇಲ್ಲದ ಮ್ಯಾಚು

ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ, ಹಳೇ ಕನ್ಸೋಲ್ ಗೇಮ್‌ಗಳನ್ನು ಫೋನಿನಲ್ಲೇ ಆಡುವಂತೆ ಹಾಕಿಕೊಡುವ ಅಕ್ಕ ಒಬ್ಬರಿದ್ದರು. ಮೆಮೊರಿ ಕಾರ್ಡನ್ನು ಉಗುರಿನ ಮೇಲಿಟ್ಟುಕೊಂಡು ಎಲ್ಲರಿಗೂ ಒಂದೇ ಮಾತು ಕೇಳುತ್ತಿದ್ದರು: "ಆಡೋರು ಯಾರ್ರಿ?"

ಚೌಕಾಸಿಯಲ್ಲಿ ನಾನು ಸುಲಭಕ್ಕೆ ಸೋಲುವವನಲ್ಲ. "ಕಂಪ್ರೆಸ್ ಮಾಡಿದ ಸಣ್ಣ ಫೈಲೇ ಹಾಕ್ರಿ, ಒಂದೇ ಕಾರ್ಡಿನ್ಯಾಗ ಇಪ್ಪತ್ತು ಗೇಮ್ ಹಿಡಸ್ರಿ" ಅಂದೆ. ಅಕ್ಕ ಹಾಕುತ್ತಿದ್ದಾಗ ಅವರ ಪ್ರಶ್ನೆಗೂ ಉತ್ತರ ಹೇಳಿದೆ: "ಮಗಳು ಕ್ರಿಕೆಟ್ ಆಡ್ತಾಳ. ಅಪ್ಪಾರಿಗೆ ಕಣ್ಣು ಕಾಣಂಗಿಲ್ಲ, ಬಾಜೂಕ ಕುಂತು ಕೇಳ್ತಾರ."

ಅಕ್ಕ ಹಾಕಿದ್ದನ್ನೆಲ್ಲ ಅಳಿಸಿದರು. "ಸಣ್ಣ ಫೈಲಿನ್ಯಾಗ ಕಾಮೆಂಟ್ರಿ ತಗದಾರ್ರಿ. ಅಜ್ಜಾರು ಏನ್ ಕೇಳಬೇಕು?" ಎಂದು ದೊಡ್ಡ ಫೈಲಿನ ಕ್ರಿಕೆಟ್ ಗೇಮ್ ಒಂದನ್ನೇ ತುಂಬಿದರು.

ನೀವೂ ಫೈಲ್ ಎಷ್ಟು ಸಣ್ಣದು ಅಂತ ಕೇಳಬೇಡಿ, ಏನು ತೆಗೆದಿದ್ದಾರೆ ಅಂತ ಕೇಳಿ.

ಅವತ್ತು ಸಂಜೆ ಮಗಳು ಕ್ಯಾಚ್ ಕೊಟ್ಟು ಔಟಾದಾಗ, ಬಾಜೂಕ ಕುಂತು ಕಾಮೆಂಟ್ರಿ ಕೇಳುತ್ತಿದ್ದ ಅಪ್ಪ ಬೈದರು: "ಫೀಲ್ಡರ್ ಅಲ್ಲೇ ನಿಂತಿದ್ನಲ್ಲವಾ, ಕಾಣಲಿಲ್ಲೇನು?"