ಯಜಮಾನರ ಸಹಿ

ಮನೆಭೇಟಿಯ ನಮೂನೆಯಲ್ಲಿ ಕೊನೆಯ ಅಂಕಣದ ಹೆಸರು ‘ಯಜಮಾನರ ಸಹಿ’. ನಮ್ಮದು ಚಿಕ್ಕ ವಿಶ್ವವಿದ್ಯಾಲಯ. ಸಮಾಜಕಾರ್ಯ ವಿಭಾಗಕ್ಕೆ ಎರಡು ಕೋಣೆ, ಹದಿನಾಲ್ಕು ವಿದ್ಯಾರ್ಥಿಗಳು. ವಾರಕ್ಕೆ ಎರಡು ದಿನ ನಾವು ಹಳ್ಳಿಗಳಿಗೆ ಹೋಗಿ, ನಮಗೆ ವಹಿಸಿದ ಮನೆಯವರ ಕಷ್ಟಸುಖ ವಿಚಾರಿಸಿ, ಅದನ್ನು ನಮೂನೆಯಲ್ಲಿ ದಾಖಲಿಸಿ, ಸಹಿ ಪಡೆದು ಬರಬೇಕಿತ್ತು. ಸಹಿಯಿಲ್ಲದ ಭೇಟಿಯನ್ನು ವಿಭಾಗ ಪರಿಗಣಿಸುತ್ತಿರಲಿಲ್ಲ. ನನ್ನ ಸಹಪಾಠಿಗಳು ಖಾಲಿ ನಮೂನೆಗೇ ಸಹಿ ಹಾಕಿಸಿಕೊಂಡು, ಬಸ್ಸಿನಲ್ಲಿ ಕುಳಿತು ಉಳಿದುದನ್ನು ತುಂಬುತ್ತಿದ್ದರು. ನಾನು ಮಾತ್ರ ಬರೆದದ್ದನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಪೆನ್ನು ಕೊಡುತ್ತಿದ್ದೆ.

ಅದಕ್ಕೊಂದು ಕಾರಣವಿತ್ತು. ನನ್ನ ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದರು. ಒಮ್ಮೆ ತೋಟದ ಸಾಹುಕಾರರು ಹೆಬ್ಬೆಟ್ಟು ಒತ್ತಲು ಕಾಗದ ಚಾಚಿದಾಗ ಅಪ್ಪ, “ಏನ್ ಬರ್ದವ್ರೆ, ಓದೇಳಿ ಸ್ವಾಮಿ” ಎಂದರು. ಸಾಹುಕಾರರು ಕಪಾಳಕ್ಕೆ ಹೊಡೆದರು. ಎಂಟು ವರ್ಷದ ನಾನು ಪಕ್ಕದಲ್ಲಿ ನಿಂತಿದ್ದೆ. ಅಪ್ಪನ ಮೂಗಿನಿಂದ ಇಳಿದ ರಕ್ತ ತಾಗದಂತೆ ಅವರು ಕಾಗದವನ್ನು ಹಿಂದಕ್ಕೆಳೆದುಕೊಂಡರು. ಅಪ್ಪ ಮೂಗು ಒರೆಸಿಕೊಂಡ ಮೇಲೆ ಮತ್ತೆ ಚಾಚಿದರು. ಅಪ್ಪ ಒತ್ತಿದರು. ಓದಿ ಹೇಳದೆ ಯಾರ ಸಹಿಯನ್ನೂ ಕೇಳಬಾರದೆಂಬುದನ್ನು ನಾನು ಪಠ್ಯಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ನನಗೆ ವಹಿಸಿದ ಮನೆ ನೊಣವಿನಕೆರೆ ಬಸ್ಸಿನ ದಾರಿಯಲ್ಲಿತ್ತು. ಗಂಡ, ಹೆಂಡತಿ, ಎರಡು ಎಮ್ಮೆ, ಹಿಂದೆ ತೆಂಗಿನ ತೋಟ. ಮೂರನೆಯ ಭೇಟಿಯ ದಿನ ಗಂಡ ಇನ್ನೂ ತೋಟದಲ್ಲಿದ್ದಾಗ ಆಕೆ ಸೆರಗು ಸರಿಸಿ ಬೆನ್ನು ತೋರಿಸಿದರು. ತೆಂಗಿನ ಗರಿಯ ಬುಡದ ದಪ್ಪ ಹೆಡಮಟ್ಟೆಯಿಂದ ಬಿದ್ದ ಬಾಸುಂಡೆಗಳು. ಹಳೆಯವು ಕಪ್ಪಾಗಿದ್ದವು, ಹೊಸದೊಂದು ಒಡೆದು ರವಿಕೆಗೆ ಅಂಟಿತ್ತು.

“ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತೀರ ಅಕ್ಕ?” ಎಂದು ಕೇಳಿದೆ.

ಆಕೆ ಮೇಲಕ್ಕೆ ನೋಡಿದರು. ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯಿಗಳನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹರಡಿ ಬಿಡುತ್ತಾರೆ. ಆಕೆ ಆ ಕಾಯಿಗಳ ರಾಶಿಯ ಹಿಂದೆ ಅಡಗುತ್ತಿದ್ದರು.

“ಹತ್ತಿ ಏಣಿ ಮೇಲಕ್ಕೆಳ್ಕೊಂಬುಡ್ತೀನಿ ಕಣವ್ವ. ಆವಯ್ಯ ತೋಟನೆಲ್ಲ ಹುಡುಕ್ತದೆ. ನಾನು ಅದ್ರ ತಲೆ ಮ್ಯಾಲೇ ಕೂತಿರ್ತೀನಿ. ಹಸಿ ಕಾಯಾದ್ರೆ ಸದ್ದಿಲ್ಲ. ಒಣಗಿದ್ಮೇಲೆ ಅಲ್ಲಾಡಿದ್ರೆ ಲೊಡಲೊಡ ಅಂತವೆ, ಆಗ ಉಸ್ರು ಬಿಗಿಹಿಡ್ಕೊಂಡಿರ್ಬೇಕು.”

“ಇದನ್ನ ಬರ್ಕೊಳ್ಳಲಾ?”

“ಬರ್ಕೊಳ್ಳಿ ಮೇಡಮ್ಮೋರೆ. ಬರ್ದಿದ್ದ ಓದೋರ್ಯಾರು?”

ನಾನು ಬಹಳ ಯೋಚಿಸಿ ಬರೆದೆ. ಗಂಡನ ಮುಂದೆ ಓದಬೇಕಾದ ಕಾರಣ ಹೊಡೆತದ ಮಾತನ್ನು ಕೈಬಿಟ್ಟೆ. ‘ಕೌಟುಂಬಿಕ ಕಲಹದ ಸಂದರ್ಭಗಳಲ್ಲಿ ಗೃಹಿಣಿಯವರು ಅಟ್ಟದ ಮೇಲೆ ತಾತ್ಕಾಲಿಕ ಆಶ್ರಯ ಪಡೆಯುತ್ತಾರೆ.’ ವಾಕ್ಯ ಯಾರನ್ನೂ ನೋಯಿಸುವಂತಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೂ ಆಗಿತ್ತು.

ಗಂಡ ತೋಟದಿಂದ ಬಂದು ಜಗುಲಿಯ ಮೇಲೆ ಕುಳಿತ. ಸಹಿಯ ಹೊರತು ಬೇರೇನೂ ಬರೆಯಲು ಆತನಿಗೆ ಬರುತ್ತಿರಲಿಲ್ಲ. ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಓದಿದೆ.

“ಅಟ್ಟದ್ದು ಅಂತ ಏನೋ ಓದಿದ್ಯಲ್ಲ,” ಎಂದ ಆತ. “ಇನ್ನೊಂದ್ಸಲ ಓದಮ್ಮ.”

ಆತ ಗಮನವಿಟ್ಟು ಕೇಳುತ್ತಿದ್ದಾನೆಂದು ಸಂತೋಷಪಟ್ಟು ಮತ್ತೊಮ್ಮೆ ಓದಿದೆ. ಆತ ಸಹಿ ಹಾಕಿದ. ಎಳನೀರು ಕೆತ್ತಿ ಕೊಟ್ಟ. ಬಾಗಿಲಲ್ಲಿ ನಿಂತಿದ್ದ ಆಕೆ ನನ್ನನ್ನು ನೋಡುತ್ತಿರಲಿಲ್ಲ. ಆತನ ಕೈಯಲ್ಲಿದ್ದ ಮಚ್ಚನ್ನು ನೋಡುತ್ತಿದ್ದರು. ನಾನು ಎಳನೀರು ಕುಡಿದು ಬಸ್ಸು ಹಿಡಿದೆ.

ಶುಕ್ರವಾರ ಮಧ್ಯಾಹ್ನ ಬಸ್ಸಿಳಿದಾಗ ಕೂಗು ರಸ್ತೆಯವರೆಗೂ ಕೇಳಿಸಿತು. ಅಂಗಳದಲ್ಲಿ ಏಣಿ ನಾಲ್ಕು ತುಂಡಾಗಿ ಬಿದ್ದಿತ್ತು. ಆಕೆ ಒಳಗಿನಿಂದ ಓಡಿ ಬಂದರು. ಆತ ಹಿಂದಿನಿಂದ ಜಡೆ ಹಿಡಿದೆಳೆದು ನೆಲಕ್ಕೆ ಕೆಡವಿದ. “ಹತ್ತೇ ಅಟ್ಟ, ಈಗ ಹತ್ತು ನೋಡನ” ಎನ್ನುತ್ತಾ ಹೆಡಮಟ್ಟೆಯಿಂದ ಹೊಡೆದ. ತಲೆಗೆ ಅಡ್ಡ ಹಿಡಿದ ಬಲಗೈ ಮೊಣಕೈ ಕೆಳಗೆ ಬಾಗಬಾರದ ಕಡೆ ಬಾಗಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಆತ ನಿಲ್ಲಿಸಲಿಲ್ಲ. ಬಿದ್ದಿದ್ದ ಆಕೆಯ ಪಕ್ಕೆಗೆ ಕಾಲಿನಿಂದ ಒದ್ದ. ಹಣೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ನಾನು ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ.

ತೋಟದ ಪಂಪಿನ ಮೋಟಾರು ರಿಪೇರಿಗೆ ತಿಪಟೂರಿನಿಂದ ಬಂದಿದ್ದ ಮುಸ್ಲಿಂ ಮೆಕ್ಯಾನಿಕ್ ಒಬ್ಬರು ಓಡಿ ಬಂದು, ಸ್ಪ್ಯಾನರಿನಿಂದ ಆತನ ಮಣಿಕಟ್ಟಿಗೆ ಬಾರಿಸಿದರು. ಮಟ್ಟೆ ಕೆಳಗೆ ಬಿತ್ತು.

“ಸತ್ತೋಯ್ತಾಳೆ ಕಣಯ್ಯ. ಜೈಲಲ್ಲಿ ಯಾರು ನಿಂಗೆ ಮುದ್ದೆ ಮಾಡಾಕ್ತಾರೆ?” ಎಂದವರೇ ನನ್ನತ್ತ ತಿರುಗಿ, “ನೀನ್ಯಾಕಮ್ಮ ಕಂಬದಂಗೆ ನಿಂತಿದೀಯ? ಹಿಡ್ಕೋ ಆ ಕಡೆ” ಎಂದರು.

ತಿಪಟೂರಿನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿ, ಹಣೆಗೆ ಹೊಲಿಗೆ ಹಾಕಿದರು. ನಾನು ಮಂಚದ ಪಕ್ಕ ಕುಳಿತು, “ನಾನು ಓದಿದ್ದರಿಂದಲೇ ಹೀಗಾಯಿತು ಅಕ್ಕ” ಎಂದೆ.

ಆಕೆ ನನ್ನ ಕಡೆ ಮುಖ ತಿರುಗಿಸಿದರು. “ಅಟ್ಟ ಬರ್ದ್ರಿ, ಏನೇನೋ ಬರ್ದ್ರಿ,” ಎಂದರು. “ಹೊಡಿಯೋದೊಂದ ಬುಟ್ಬುಟ್ರಿ.”

ಸಂಜೆ ಹೇಳಿಕೆ ಪಡೆಯಲು ಕಾನ್‌ಸ್ಟೆಬಲ್ ಬಂದರು. ಅವರ ಹಿಂದೆಯೇ ಬಂದ ಗಂಡ ಬಾಗಿಲಿಗೆ ಒರಗಿ ನಿಂತ. ಏನಾಯಿತೆಂದು ಕೇಳಿದರೆ ಆಕೆ ಬಾಗಿಲ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಕಾನ್‌ಸ್ಟೆಬಲ್ ತಾವೇ ನಾಲ್ಕು ಸಾಲು ಗೀಚಿ, ಆಕೆಯ ಬಲಗೈ ಪಟ್ಟಿಯಲ್ಲಿದ್ದುದರಿಂದ ಎಡಗೈ ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ತೆರೆದರು.

“ಓದಿ ಹೇಳಿ ಸರ್,” ಎಂದೆ. ಹೇಳಿದ ಮೇಲೆ ನನ್ನ ಕೆನ್ನೆ ತಾನಾಗಿ ಬಿಗಿದುಕೊಂಡಿತು.

ಅವರು ಬೇಸರದಿಂದ ಓದಿದರು: “ಗಂಡ ಹೆಂಡಿರಿಗೆ ಕಲಹವಾಗಿ, ಸದರಿ ಮಹಿಳೆ ಆಯ ತಪ್ಪಿ ಬಿದ್ದು...”

ನನ್ನದೇ ಪದ. ನನ್ನದೇ ಜಾಣ್ಮೆ.

“ಬೀಳಲಿಲ್ಲ ಸರ್. ಹೊಡ್ದ. ಹೆಡಮಟ್ಟೇಲಿ ಹೊಡ್ದ, ಬಿದ್ಮೇಲೆ ಒದ್ದ. ನಾನು ನೋಡ್ತಾ ನಿಂತಿದ್ದೆ.” ನಾನು ಕಾಲೇಜಿನ ಐದು ವರ್ಷ ತಿದ್ದಿಕೊಂಡಿದ್ದ ಭಾಷೆ ಅದರಲ್ಲಿ ಇರಲಿಲ್ಲ.

“ಎಲ್ಲಾ ಒಂದೇ ಬುಡಮ್ಮ.”

“ಒಂದೇ ಅಲ್ಲ,” ಎಂದರು ಮಂಚದ ಮೇಲಿದ್ದಾಕೆ. “ಆವಮ್ಮ ಹೇಳ್ದಂಗೆ ಬರ್ಕೊಳ್ಳಿ.”

“ಲೇ, ಮನೇಗೆ ಬತ್ತೀಯಲ್ಲ,” ಎಂದ ಆತ ಬಾಗಿಲಿಂದ. ಬಳಿಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಂದೆ ಎಷ್ಟೋ ತಿಂಗಳು ಬಸ್ಸಿಳಿಯುವಾಗಲೆಲ್ಲ ಆ ನೋಟ ನನ್ನ ಬೆನ್ನಿಗಿರುತ್ತಿತ್ತು. ಕಾನ್‌ಸ್ಟೆಬಲ್ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದು, ಆತನಿಗೂ ಕೇಳುವಂತೆ ಓದಿದರು. ಆಕೆ ಒತ್ತಿದರು.

ಆ ದಿನದ ನನ್ನ ನಮೂನೆಯಲ್ಲಿ ಯಜಮಾನರ ಸಹಿ ಇರಲಿಲ್ಲ. ವಿಭಾಗ ಆ ಭೇಟಿಯನ್ನು ಒಪ್ಪಲಿಲ್ಲ.

ಕೆಲವು ದಿನಗಳ ನಂತರ ಆಕೆಯ ಅಣ್ಣ ಬಂದು ಅವರನ್ನು ತವರೂರು ಹಂದನಕೆರೆಗೆ ಕರೆದೊಯ್ದರು. ಬಸ್ಸಿನ ಕಿಟಕಿಯ ಬಳಿ ಕುಳಿತಿದ್ದ ಆಕೆ ನನ್ನನ್ನು ಹತ್ತಿರ ಕರೆದರು.

“ಕಾಯೆಲ್ಲ ಇನ್ನೂ ಅಟ್ಟದ ಮ್ಯಾಲೇ ಅವೆ ಕಣವ್ವ. ಒಣಗ್ತಾ ಬಂದಿದ್ವು. ಏಣಿ ಕಡ್ದಾಕವ್ನೆ, ಹೆಂಗೆ ಇಳಿಸ್ತಾನೋ ಮಾರಾಯ.” ನಕ್ಕರು. ಹೊಲಿಗೆ ಎಳೆಯಿತೇನೋ, ತಕ್ಷಣ ಹಣೆ ಹಿಡಿದುಕೊಂಡರು.