ರೊಟ್ಟಿ ಬಡಿಯಲು ಬಾರದ ಕೈ

ಹತ್ತಿಮತ್ತೂರಿನ ಕರಿಬಸಪ್ಪನ ಮಗಳು ನೀಲಾಂಬಿಕಾ ಜರ್ಮನಿಗೆ ಹೋಗುವ ಮೊದಲೇ ಊರಲ್ಲಿ ಹೆಸರು ಮಾಡಿದ್ದಳು. ಓದಿನ ಹೆಸರು ಆಮೇಲಿನದು. ಅದಕ್ಕೂ ಮುಂಚೆ, ಕರಿಬಸಪ್ಪನ ಮಗಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬ ಸುದ್ದಿ ಸವಣೂರು ಸಂತೆಯವರೆಗೂ ಮುಟ್ಟಿತ್ತು.

ಸುದ್ದಿ ಹಬ್ಬಿಸಿದವರು ಹಿರೇಕೆರೂರಿನ ಕಡೆಯಿಂದ ಕನ್ಯೆ ನೋಡಲು ಬಂದ ಮಂದಿ. ಧಾರವಾಡದಲ್ಲಿ ಕೃಷಿ ಓದು ಮುಗಿಸಿ ನೀಲಾ ಮನೆಗೆ ಬಂದಿದ್ದಳು. ವರನ ತಾಯಿ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದಳು: "ತಂಗೀ, ರೊಟ್ಟಿ ಬಡಿಯಾಕ ಬರತೈತೇನವಾ?"

"ಇಲ್ರಿ. ನಿಮ್ಮ ಮಗಗ ಬರತೈತೇನ್ರಿ?"

ಬಂದವರು ಅರ್ಧ ಚಹಾ ಬಿಟ್ಟು ಎದ್ದರು. ಅವ್ವ ಸರೋಜವ್ವ ಹಣೆ ಬಡಿದುಕೊಂಡಳು. "ಜೋಳದ ಮ್ಯಾಲ ದೊಡ್ಡ ದೊಡ್ಡ ಪುಸ್ತಕ ಓದ್ತಾಳಂತ, ಜೋಳದ ರೊಟ್ಟಿ ಬಡಿಯಾಕ ಬರಂಗಿಲ್ಲಂತ! ಯಾರರ ಕೇಳಿದ್ರ ನಗ್ತಾರ."

"ನಗಲಿ ಬಿಡು ಬೇ. ನಾ ಕಲಿಯಾಂಗಿಲ್ಲ ಅಂದ್ರ ಕಲಿಯಾಂಗಿಲ್ಲ."

ಕರಿಬಸಪ್ಪ ಮಾತ್ರ ಪಡಸಾಲೆಯಲ್ಲಿ ಮೀಸೆಯೊಳಗೇ ನಕ್ಕ. ಹಟದಲ್ಲಿ ಈಕೆ ತನ್ನ ತಾಯಿ ಮುದಕವ್ವನ ಪಡಿಯಚ್ಚು ಎಂದು ಅವನಿಗೆ ಗೊತ್ತಿತ್ತು. ಓಣಿಯವರೆಲ್ಲ ಗೋವಿನಜೋಳ, ಹತ್ತಿ ಎಂದು ಓಡಿದಾಗ ಮುದಕವ್ವ ಎರಡು ಎಕರೆ ಎರೆಹೊಲದಲ್ಲಿ ತನ್ನ ತವರಿನ ಬಿಳಿಜೋಳವನ್ನೇ ಬಿತ್ತಿಸುತ್ತಿದ್ದಳು. ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಬೀಜ ಇಡುತ್ತಿದ್ದಳು. ಮುದುಕಿ ಹೋದ ಮೇಲೂ ಆ ಗಡಿಗೆ ಮನೆಯಲ್ಲಿ ಬರಿದಾಗಲಿಲ್ಲ.

ಅಡುಗೆಮನೆಗೆ ಸೇರಿದ ಕೆಲಸ ಎಂದು ನೀಲಾ ಮಾಡಿದ್ದು ಒಂದೇ. ಎಂಟು ದಿನಕ್ಕೊಮ್ಮೆ ಜೋಳದ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿ ಬಂದೇಸಾಬನ ಗಿರಣಿಗೆ ಒಯ್ಯುವುದು. ಅದನ್ನೂ ಗೊಣಗುತ್ತ ಮಾಡಿದಳು.

ಅಂಥ ಹುಡುಗಿ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಜರ್ಮನಿಯ ಒಂದು ಹಳೆಯ ವಿಶ್ವವಿದ್ಯಾಲಯದ ಊರು ಸೇರಿದಳು. ಜೋಳದ ತಳಿಗಳ ಮೇಲೆ ಸಂಶೋಧನೆ. ಬೆನ್ನ ಮೇಲಿನ ಚೀಲದಲ್ಲಿ ಪುಸ್ತಕ, ಕೈಯಲ್ಲಿ ಅವ್ವ ಹೊಲಿದ ಅರಿವೆಯ ಗಂಟು; ಅದರೊಳಗೆ ಕಾಗದಪತ್ರ ಮಾಡಿಸಿ ತಂದ ಐದು ಕಿಲೋ ಮನೆಯ ಬಿಳಿಜೋಳ.

ಊರು ಚೊಕ್ಕಟ. ಆದರೆ ಬಸ್ಸಿನಲ್ಲಿ ಮೂವತ್ತು ಮಂದಿ ಕೂತಿದ್ದರೂ ಸ್ಮಶಾನಮೌನ. "ಊಟ ಆತೇನು?" ಎಂದು ಕೇಳುವವರು ಯಾರೂ ಇಲ್ಲ. ರವಿವಾರ ಒಂದೂ ಅಂಗಡಿ ಬಾಗಿಲು ತೆರೆಯುವುದಿಲ್ಲ ಎಂಬುದು ಮೊದಲ ರವಿವಾರ ಉಪವಾಸ ಬಿದ್ದಾಗ ತಿಳಿಯಿತು. ಅಲ್ಲಿಯ ಬ್ರೆಡ್ಡನ್ನು ಇಟ್ಟಂಗಿಯ ಬದಲು ಗೋಡೆಗೆ ಹಚ್ಚಬಹುದಿತ್ತು. ಆರು ಜನರಿಗೆ ಕೂಡಿ ಇದ್ದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆಗಂಟೆ ಬಾಯಿ ಬಡಿದುಕೊಳ್ಳುತ್ತಿತ್ತು. ಆರೂ ಜನ ಅಂಗಳಕ್ಕೆ ಓಡುತ್ತಿದ್ದರು. ಎರಡು ಸಲ ಹಾಗಾದ ಮೇಲೆ "ದಯವಿಟ್ಟು ಘಾಟು ಅಡುಗೆ ಬೇಡ" ಎಂಬ ಚೀಟಿ ಬಾಗಿಲಿಗೆ ಬಂತು. ನೀಲಾ ಅದರ ಕೆಳಗೆ ಇನ್ನೊಂದು ಚೀಟಿ ಅಂಟಿಸಿದಳು: "ಕಿಟಕಿ ತೆರೆದರೆ ಘಾಟು ಹೋಗುತ್ತದೆ. ಕಿಟಕಿ ಇರುವುದೇ ಅದಕ್ಕೆ." ಆಮೇಲೆ ಕಿಟಕಿ ತೆರೆದುಕೊಂಡೇ ಒಗ್ಗರಣೆ ಹಾಕಿದಳು. ಚೀಟಿ ಬರೆದ ಹುಡುಗನೇ ಒಂದು ದಿನ ಬಟ್ಟಲು ಹಿಡಿದುಕೊಂಡು ಬಂದು ಸಾರು ಕೇಳಿದ.

ಹೀಗೆ ಎರಡನೆಯ ವರ್ಷ ಕಳೆಯುತ್ತ ಬಂದಾಗ ತೊಡಕು ಬಂತು.

ಪ್ರಯೋಗಾಲಯದಲ್ಲಿ ಹದಿನಾಲ್ಕು ತಳಿಗಳ ಹಿಟ್ಟಿಗೆ ಹದಿನಾಲ್ಕು ನಂಬರು. ಮುದಕವ್ವನ ಜೋಳಕ್ಕೆ ಹನ್ನೊಂದನೆಯ ನಂಬರು. ಹಿಟ್ಟನ್ನು ನೀರು ಹಾಕಿ ಕಲಸಿ ಯಂತ್ರಕ್ಕೆ ಕೊಟ್ಟರೆ ಅದು ಹಿಟ್ಟಿನ ಜಿಗಿ ಎಷ್ಟೆಂದು ಅಂಕಿ ಹೇಳುತ್ತಿತ್ತು. ಜಿಗಿ ಇದ್ದರೆ ತಾನೆ ಹಿಟ್ಟು ಒಂದಕ್ಕೊಂದು ಹಿಡಿದು ರೊಟ್ಟಿಯಾಗುವುದು. ನಲವತ್ತು ದಾಟಿದರೆ ಊಟದ ಜೋಳ, ಕೆಳಗಿದ್ದರೆ ದನದ ಮೇವು. ಹನ್ನೊಂದನೆಯ ನಂಬರಿಗೆ ಬಂದದ್ದು ಹದಿನೆಂಟು.

ಅವಳ ಪ್ರೊಫೆಸರ್ ಫೋಗ್ಟ್ ಮೇಡಂ ಕೆಟ್ಟ ಹೆಂಗಸಲ್ಲ; ಕೂದಲು ಸೀಳಿ ಅಳೆಯುವವಳು. "ಬರುವ ಶುಕ್ರವಾರ ಸಮಿತಿ ಕೂಡುತ್ತದೆ. ವರದಿಗೆ ಸಹಿ ಹಾಕಿ. ಸಹಿಯಾದ ವರದಿ ಇದ್ದರೆ ಮೂರನೆಯ ವರ್ಷದ ವೇತನ ಮಂಜೂರಾಗುತ್ತದೆ. ಇಲ್ಲದಿದ್ದರೆ ನನ್ನ ಕೈಯಲ್ಲೂ ಏನೂ ಇಲ್ಲ," ಎಂದಳು.

"ಹನ್ನೊಂದನೆಯದನ್ನು ನಾನು ಇಪ್ಪತ್ತೆರಡು ವರ್ಷ ತಿಂದಿದ್ದೇನೆ ಮೇಡಂ. ನಾನು ದನವೇ?"

"ನಿಮ್ಮ ತಾಯಿಯ ಅಡುಗೆ ಪುರಾವೆಯಾಗುವುದಿಲ್ಲ. ನನಗೆ ಅಳತೆ ಬೇಕು."

ಅದು ಶುಕ್ರವಾರದ ಮಾತು. ಕೈಯಲ್ಲಿ ಇನ್ನೊಂದೇ ವಾರ. ಸಹಿ ಹಾಕಿದರೆ ಅಜ್ಜಿಯ ಜೋಳ ಮೇವಿನ ಪಟ್ಟಿಗೆ ಸೇರಿ ಅಲ್ಲಿಗೇ ಮಣ್ಣು. ಹಾಕದಿದ್ದರೆ ತಾನೇ ಗಂಟು ಕಟ್ಟಬೇಕು.

ರವಿವಾರ ಬೆಳಿಗ್ಗೆ ಅವ್ವನಿಗೆ ಫೋನ್ ಹಚ್ಚಿದಳು. ಹತ್ತಿಮತ್ತೂರಿನಲ್ಲಿ ಊಟದ ಹೊತ್ತು. ಸರೋಜವ್ವ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟು ರೊಟ್ಟಿ ಬಡಿಯುತ್ತಲೇ ಮಾತಿಗೆ ನಿಂತಳು.

"ಮಾರಿ ಯಾಕ ಸಣ್ಣ ಮಾಡೀ? ಉಂಡಿಯಿಲ್ಲೋ?"

"ನಮ್ಮ ಜೋಳ ದನದ ಮೇವಂತ ಬೇ. ಮಷೀನು ಹೇಳೈತಿ. ಜಿಗಿನ ಇಲ್ಲಂತ."

ಬಡಿಯುವ ಸಪ್ಪಳ ನಿಂತಿತು. "ಯಾ ಮಷೀನವಾ ಅದು? ಅದರ ಬಾಯಾಗ ಮಣ್ಣ ಹಾಕ! ಮುದಕವ್ವನ ಜೋಳಕ್ಕ ಜಿಗಿ ಇಲ್ಲಂತ? ನೋಡಿಲ್ಲೆ!" ತಾಟಿನಗಲದ ತೆಳುವಾದ ರೊಟ್ಟಿಯನ್ನು ಕೈಮೇಲೆ ಎತ್ತಿ ತೋರಿಸಿದಳು. ಅದು ಅರಿವೆಯ ಹಾಗೆ ಜೋತು ಬಿತ್ತು, ಹರಿಯಲಿಲ್ಲ. "ಅದಿರಲಿ. ಹಿಟ್ಟು ಎಂದ ಬೀಸಿದ್ದು?"

ನೀಲಾ ಬೆರಳು ಮಡಚುತ್ತ ತಿಂಗಳು ಎಣಿಸತೊಡಗಿದಳು.

"ಕೇಳಾಕತ್ತೇನಿ. ಎಂದ ಬೀಸಿದ್ದು?"

ಬಂದೇಸಾಬನ ಗಿರಣಿ ಕಣ್ಣ ಮುಂದೆ ಬಂತು. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡ ಬಂದೇಸಾಬ. ಒಮ್ಮೆ ಅವಳು ಸಿಟ್ಟಿನಿಂದ, "ಕಾಕಾ, ತಿಂಗಳದ್ದು ಒಮ್ಮೆಲೆ ಬೀಸಿಕೊಡ್ರಿ, ವಾರವಾರ ಯಾರು ಬರಬೇಕು?" ಎಂದಿದ್ದಳು. ಆತ ನಕ್ಕು, "ಜೋಳದ ಹಿಟ್ಟು ಹಾಲಿದ್ಹಂಗ ತಂಗಿ. ಇಟ್ರ ಕೆಡತೈತಿ. ಹಳೀ ಹಿಟ್ಟ ಒಯ್ದರ ನಿಮ್ಮವ್ವ ನನಗ ಬೈತಾಳ" ಎಂದಿದ್ದ.

ಸೋಮವಾರ ಬೆಳಗಾಗುವುದೇ ತಡ, ಪ್ರಯೋಗಾಲಯದ ಕಪಾಟು ತೆರೆದಳು. ಪ್ರತಿ ಪೊಟ್ಟಣದ ಮೇಲೆ ಬೀಸಿದ ತಾರೀಖು. ಉಳಿದ ತಳಿಗಳು ಬೇರೆ ಬೇರೆ ಬೀಜಭಂಡಾರಗಳಿಂದ ತಡವಾಗಿ ಬಂದವು. ಬಹಳ ಎಂದರೆ ತಿಂಗಳೊಪ್ಪತ್ತಿನ ಹಿಟ್ಟು. ಹನ್ನೊಂದನೆಯದು ಇಪ್ಪತ್ತು ತಿಂಗಳು ಹಳೆಯದು. ಬೀಸಿದವರ ಸಹಿ: ನೀಲಾಂಬಿಕಾ ಕೆ. ಬಂದ ಹೊಸದರಲ್ಲಿ, ಊರಿನ ಜೋಳ ಎಂಬ ಉಮೇದಿನಲ್ಲಿ, ಎಲ್ಲಕ್ಕಿಂತ ಮೊದಲು ತಾನೇ ಬೀಸಿಟ್ಟಿದ್ದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಆ ಬರೆಯ ಕಬ್ಬಿಣ ಕಾಸಿದವಳೂ ತಾನೇ.  ಸುಮ್ಮನೆ ಸಹಿ ಹಾಕಿದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಗಡಿಗೆಯೊಳಗೆ ಕೈಯಾಡಿಸುತ್ತಿದ್ದ ಮುದಕವ್ವ ನೆನಪಾದಳು. ಇಂಥದ್ದಕ್ಕೆ ಬಗ್ಗುವ ಕುತ್ತಿಗೆ ಆ ಮನೆತನದಲ್ಲಿ ಹುಟ್ಟಿರಲಿಲ್ಲ.

ಯಂತ್ರ ನೋಡಿಕೊಳ್ಳುವ ಡೀಟರ್ ಎಂಬ ಹಿರಿಯನ ಬಳಿ ಹೋದಳು. "ಬುಧವಾರದೊಳಗೆ ಒಂದು ಸಲ ಯಂತ್ರ ಬೇಕು."

"ಬರುವ ಬುಧವಾರವಂತೂ ಇಲ್ಲ. ಅದರಾಚೆಯ ಬುಧವಾರ ನೋಡೋಣ. ಸರತಿ ಇದೆ."

"ಸಮಿತಿ ಶುಕ್ರವಾರವೇ ಇದೆ!"

"ಸರತಿಗೆ ಅದು ಗೊತ್ತಿಲ್ಲ," ಎಂದ ಡೀಟರ್. ಅವಳ ಮುಖ ನೋಡಿ ಮತ್ತೆ ಹೇಳಿದ: "ಬೀಸುವ ಸಣ್ಣ ಗಿರಣಿ ಖಾಲಿ ಇದೆ. ಬೇಕಾದರೆ ಒಯ್ಯಿ."

ಅವ್ವನ ಗಂಟಿನಲ್ಲಿ ಬೀಸದ ಕಾಳು ಇನ್ನೂ ಉಳಿದಿತ್ತು. ಯಂತ್ರವಿಲ್ಲದಿದ್ದರೆ ಕೈ. ಆದರೆ ಎಂಥ ಕೈ! ಇಪ್ಪತ್ತೈದು ವರ್ಷ ಕಲಿಯುವುದಿಲ್ಲ ಎಂದು ಹಟ ಹಿಡಿದ ಕೈ. ಮಂಗಳವಾರದಿಂದ ಗುರುವಾರದ ತನಕ ಅವ್ವ ಫೋನಿನಲ್ಲಿ ಪಾಠ ಹೇಳಿದಳು. "ನೀರು ಕುದೀಲಿ. ಕುದೀಲಿ ಅಂದ್ರ ಕುದೀಬೇಕು, ಬೆಚ್ಚಗಾದ್ರ ಸಾಲದು. ಈಗ ನಾದು. ಅಂಗೈಲೆ ನಾದು, ಬೆರಳಿಲೆ ಚಿವುಟಬ್ಯಾಡ! ಅಯ್ಯ ನನ್ನ ಕರ್ಮ, ಅದೇನು ರೊಟ್ಟಿಯೋ ಭೂಪಟವೋ?"

"ಬೈಯಬ್ಯಾಡ ಬೇ. ನಿನ್ನ ಅಳಿಯಗ ಬಡಿಯಾಕತ್ತಿಲ್ಲ ನಾ. ಅಜ್ಜಿ ಜೋಳಕ್ಕ ಬಡಿಯಾಕತ್ತೇನಿ."

ಶುಕ್ರವಾರ ಸಮಿತಿಯ ಕೋಣೆಗೆ ನೀಲಾ ಕರೆಂಟಿನ ಒಲೆ, ಕಬ್ಬಿಣದ ಬಾಣಲೆ, ನೀರು ಕಾಸುವ ಕೆಟಲ್, ಎರಡು ಪೊಟ್ಟಣ ಹಿಟ್ಟು ಹೊತ್ತುಕೊಂಡು ಹೋದಳು. ಕಿಟಕಿಯನ್ನು ತಾನೇ ತೆರೆದಳು. ಮೇಜಿನಾಚೆ ಫೋಗ್ಟ್ ಮೇಡಂ ಮತ್ತು ಇಬ್ಬರು ಹಿರಿಯ ಪ್ರೊಫೆಸರರು.

"ಮೊದಲು ನನ್ನ ತಪ್ಪು ಹೇಳುತ್ತೇನೆ," ಎಂದು ಶುರು ಮಾಡಿದಳು. ತಾರೀಖುಗಳ ಪಟ್ಟಿ ಅವರ ಮುಂದಿಟ್ಟಳು. "ಹಳಸಿದ ಹಿಟ್ಟು ಅಳೆದು ಜೋಳಕ್ಕೆ ಹೆಸರು ಕೆಡಿಸಿದ್ದೇನೆ. ಈ ವರದಿಗೆ ನಾನು ಸಹಿ ಹಾಕುವುದಿಲ್ಲ."

ಪ್ರೊಫೆಸರರಲ್ಲಿ ಒಬ್ಬ ಕೇಳಿದ: "ಫಲಿತಾಂಶ ಮನಸ್ಸಿಗೆ ಬರಲಿಲ್ಲವೆಂದು ತಪ್ಪನ್ನು ಹಿಟ್ಟಿನ ಮೇಲೆ ಹಾಕುತ್ತಿದ್ದೀರಾ?"

"ನಮ್ಮಲ್ಲೂ ಒಂದು ಗಾದೆ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಸರ್, ಒಮ್ಮೊಮ್ಮೆ ನೆಲವೂ ಡೊಂಕಿರುತ್ತದೆ. ನೋಡಿ."

ಎರಡು ಬಟ್ಟಲಿಗೂ ಒಂದೇ ಅಳತೆಯ ಹಿಟ್ಟು, ಒಂದೇ ಅಳತೆಯ ಕುದಿವ ನೀರು. ಮೊದಲು ಹಳೆಯ ಹಿಟ್ಟು ನಾದಿ ಬಡಿದಳು. ಅಂಚು ಸೀಳಿತು, ನಡು ಬಿರಿಯಿತು. ಎತ್ತಲು ಹೋದರೆ ಹಳೆಯ ಗೋಡೆಯ ಮಣ್ಣಿನಂತೆ ಮೇಜಿನ ಮೇಲೆ ಉದುರಿತು. ಮೂರು ಸಲ ಬಡಿದಳು, ಮೂರು ಸಲ ಉದುರಿತು.

ಫೋಗ್ಟ್ ಮೇಡಂ ಕನ್ನಡಕ ಸರಿಪಡಿಸಿಕೊಂಡಳು. "ನಿಮಗೆ ಬಡಿಯಲು ಬರುವುದಿಲ್ಲವೇನೋ?"

"ಬರುವುದಿಲ್ಲ ಮೇಡಂ! ಅದಕ್ಕೇ ಈ ಪರೀಕ್ಷೆ ನ್ಯಾಯದ್ದು. ನನ್ನ ತಾಯಿಯನ್ನು ಕರೆದರೆ ಇದೇ ಹಳೆಯ ಹಿಟ್ಟನ್ನೂ ಹೇಗೋ ಎತ್ತಿ ನಿಲ್ಲಿಸಿಯಾಳು. ಪಳಗಿದ ಕೈ ಹಿಟ್ಟಿನ ತಪ್ಪು ಮುಚ್ಚುತ್ತದೆ. ನನ್ನ ಕೈಗೆ ಆ ವಿದ್ಯೆ ಇಲ್ಲ. ರೊಟ್ಟಿ ಎದ್ದರೆ ಅದು ಹಿಟ್ಟಿನ ಗುಣ, ಕೈಯದಲ್ಲ."

ನಿನ್ನೆ ಡೀಟರನ ಗಿರಣಿಯಲ್ಲಿ ಬೀಸಿದ ಹಿಟ್ಟಿನ ಉಂಡೆ ಹಿಡಿದಳು. ಬಡಿದಳು. ರೊಟ್ಟಿ ದುಂಡಗಾಗಲಿಲ್ಲ, ಒಂದು ಕಡೆ ಮೂಗು, ಇನ್ನೊಂದು ಕಡೆ ಕಿವಿ ಬಂದವು. ಉಸಿರು ಹಿಡಿದು ಅಂಗೈ ಕೆಳಗೆ ತೂರಿಸಿ ಎತ್ತಿದಳು. ಜೋತು ಬಿತ್ತು, ಹರಿಯಲಿಲ್ಲ. ಬಾಣಲೆಗೆ ಹಾಕಿ ಮೇಲೆ ನೀರು ಸವರಿ ಮಗುಚಿದಳು. ಮೂಗು, ಕಿವಿ ಸಮೇತ ಆ ಸೊಟ್ಟ ರೊಟ್ಟಿ ನಿಧಾನವಾಗಿ ಉಬ್ಬಿತು. ಇನ್ನೆರಡು ಬಡಿದಳು. ಎರಡೂ ಎದ್ದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋಗ್ಟ್ ಮೇಡಂ ತಾರೀಖುಗಳ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ಉಳಿದ ಹದಿಮೂರರ ತಾರೀಖುಗಳೂ ಒಂದೇ ಇಲ್ಲ. ಹಾಗಾದರೆ ಯಾವ ಅಂಕಿಯನ್ನೂ ನಂಬುವಂತಿಲ್ಲ. ಹದಿನಾಲ್ಕನ್ನೂ ಒಂದೇ ದಿನ ಬೀಸಿ ಮತ್ತೆ ಅಳೆಯಿರಿ. ಬೇಸಿಗೆಯ ರಜೆ ನಿಮಗೆ ಸಿಗುವುದಿಲ್ಲ."

"ಮೂರನೆಯ ವರ್ಷ?"

"ರಜೆ ಇಲ್ಲ ಎಂದರೆ ಕೆಲಸ ಇದೆ ಎಂದೇ ಅರ್ಥ," ಎಂದು ಹೇಳಿ ಆಕೆ ಹಳೆಯ ವರದಿಯನ್ನು ಎರಡಾಗಿ ಮಡಚಿದಳು. ಹೋಗುವಾಗ ಸೊಟ್ಟ ರೊಟ್ಟಿಯ ಒಂದು ಕಿವಿ ಮುರಿದು ಬಾಯಿಗೆ ಹಾಕಿಕೊಂಡಳು.

ಸರತಿ ಬಂದ ಬುಧವಾರ ಡೀಟರ್ ಸಮಿತಿಗೆ ತೋರಿಸಿದ ಆ ಹೊಸ ಹಿಟ್ಟನ್ನಷ್ಟೇ ಮೊದಲು ಯಂತ್ರಕ್ಕೆ ಕೊಟ್ಟ. ಹನ್ನೊಂದನೆಯ ನಂಬರಿಗೆ ನಲವತ್ತಾರು ಬಂತು. ಆತ ಪೆನ್ನು ತೆಗೆದು ಗಿರಣಿಯ ಮೇಲೊಂದು ಚೀಟಿ ಬರೆದು ಅಂಟಿಸಿದ: "ಜೋಳ: ಬೀಸಿದ ವಾರದೊಳಗೆ ಅಳೆಯುವುದು."

ಸುದ್ದಿ ಕೇಳಿ ಸರೋಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇಸಿಗೆಗೆ ಮಗಳು ಬರುವುದಿಲ್ಲ ಎಂಬ ಸಂಕಟ ಒಂದು ಕಡೆ, ಅತ್ತೆಯ ಜೋಳ ಗೆದ್ದಿತೆಂಬ ಸೊಕ್ಕು ಒಂದು ಕಡೆ. ಆಮೇಲೆ ದನಿ ಬದಲಿಸಿದಳು.

"ಆತಲ್ಲ, ಈಗ ರೊಟ್ಟಿ ಬಡಿಯಾಕ ಬಂತು. ಹಿರೇಕೆರೂರಿನವರ ಹುಡುಗಂದು ಲಗ್ನ ಇನ್ನೂ ಎಲ್ಲೂ ಗೊತ್ತಾಗಿಲ್ಲಂತ. ಫೋನ್ ಹಚ್ಚಲೇನು?"

"ಹಚ್ಚು," ಎಂದಳು ನೀಲಾ, ಗಿರಣಿಯ ಬಾಯಿಗೆ ಒಂದನೆಯ ನಂಬರಿನ ಜೋಳ ಸುರಿಯುತ್ತ. "ಹಚ್ಚಿ ಮೊದಲ ಕೇಳು, ಅವಗ ಬಂತೇನು ಅಂತ. ಬಂದಿಲ್ಲಂದ್ರ ಹೇಳು, ನಾನೂ ಮೂರ ದಿನದಾಗ ಕಲತೇನಿ. ಫೋನಿನ್ಯಾಗ ಕಲಿಸ್ತೇನಿ."

ಗಿರಣಿ ಶುರುವಾಯಿತು. ಅವ್ವ ಅತ್ತ ಏನು ಅಂದಳೋ, ಬೀಸುವ ಸಪ್ಪಳದಲ್ಲಿ ಕೇಳಿಸಲಿಲ್ಲ.