ಈರಗಾರಪ್ಪನ ಮುಖ

ಕಲಾ ಇತಿಹಾಸದಲ್ಲಿ ಎಂ.ಎ. ಮಾಡಿದವರು ಮುಂದೆ ಏನಾಗುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ನಮ್ಮ ಬ್ಯಾಚನ್ನೇ ತೋರಿಸುತ್ತೇನೆ. ಗುರುರಾಜ್ ಹೊಳಲ್ಕೆರೆಯಲ್ಲಿ ಮದುವೆ ಆಲ್ಬಂ ಮಾಡುತ್ತಾನೆ. ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪಾಠ ಮಾಡುವುದು ಫ್ರೆಂಚ್ ಕ್ರಾಂತಿ. ದೇವಿಕಾ ಹಿರಿಯೂರಿನ ಟೈಲ್ಸ್ ಅಂಗಡಿಯಲ್ಲಿದ್ದಾಳೆ. ದೇವರ ಕೋಣೆಗೆ ಅಂಟಿಸುವ ಗಣಪತಿ, ಲಕ್ಷ್ಮಿಯರ ಟೈಲ್ಸ್ ಆರಿಸಿಕೊಡುವುದು ಅವಳ ಕೆಲಸ. ಲಕ್ಷ್ಮಿಯ ಅಕ್ಕಪಕ್ಕದ ಆನೆಗಳು ಯಾಕೆ ನೀರೆರೆಯುತ್ತಿವೆ ಎಂದು ಗಿರಾಕಿಗಳಿಗೆ ವಿವರಿಸಲು ಹೋಗಿ ಮಾಲೀಕನಿಂದ ಬೈಸಿಕೊಳ್ಳುವುದೂ ಉಂಟು. ನಮ್ಮಲ್ಲಿ ನಿಜವಾಗಿ ಓದಿದವಳು ಅವಳೊಬ್ಬಳೇ, ಹಾಗಾಗಿ ಅವಳ ಕಥೆ ಹೇಳುತ್ತೇನೆ.

ದೇವಿಕಾಳದು ಹಿರೇಗುಂಟನೂರು, ಕುರಿ ಸಾಕುವ ಮನೆ. ಹುಡುಗಿ ಕಲೆ ಓದುತ್ತಿದ್ದಾಳೆಂದು ಊರಿಗೆ ಗೊತ್ತಾದದ್ದೇ ತಡ, ನಂಬರ್ ಬರೆಸಲು ಬೈಕಿನ ಪ್ಲೇಟು ಹಿಡಿದುಕೊಂಡು ಜನ ಮನೆಗೆ ಬರತೊಡಗಿದರು. ಮದುವೆ ಮನೆಯವರು ಗೋಡೆಗೆ ಬಳ್ಳಿ ಬಿಡಿಸಲು ಕರೆದರು. ಅವಳಿಗೆ ಚಿತ್ರ ಬರೆಯಲು ಬರುವುದಿಲ್ಲ. ಇದು ಸಂಕೋಚಕ್ಕೆ ಹೇಳುವ ಮಾತಲ್ಲ. ಕ್ಲಾಸಿನಲ್ಲಿ ಅವಳು ಬಿಡಿಸಿದ ಆನೆಯನ್ನು ನಾವು ಹಂದಿ ಎಂದೇ ಕರೆಯುತ್ತಿದ್ದೆವು. ಚಿತ್ರ ಬರೆಯುವ ಓದು ಬೇರೆ, ನೋಡುವ ಓದು ಬೇರೆ ಎಂದು ಅವಳು ಎಷ್ಟು ಹೇಳಿದರೂ ಊರು ತಲೆಗೆ ಹಾಕಿಕೊಳ್ಳಲಿಲ್ಲ.

ಊರಾಚೆ ಬೇವಿನ ಮರದಡಿ ಒಂದು ವೀರಗಲ್ಲಿದೆ. ಮಂದೆಗೆ ಬಿದ್ದ ಹುಲಿಯೊಡನೆ ಹೋರಾಡಿ ಸತ್ತ ಕುರಿಗಾಹಿಯ ಕಲ್ಲು; ಊರವರ ಬಾಯಲ್ಲಿ ಈರಗಾರಪ್ಪ. ದೇವಿಕಾಳ ಅಪ್ಪ ಯತ್ತಪ್ಪ ದಿನವೂ ಬೆಳಗ್ಗೆ ಒಂದು ಚೊಂಬು ನೀರು ಹಾಕಿ, ಈರಗಾರಪ್ಪನ ಮುಖ ನೋಡಿ, ಆಮೇಲೆಯೇ ರೊಪ್ಪದ ಬಾಗಿಲು ತೆಗೆದು ಕುರಿ ಹೊರಗೆ ಬಿಡುವವನು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ವರ್ಷಕ್ಕೊಮ್ಮೆ ಆ ಕಲ್ಲಿಗೆ ಪೇಂಟ್ ಹಚ್ಚಿ, ಮೀಸೆ ತಿದ್ದಿ, ಕಣ್ಣು ಬರೆಯುತ್ತಿದ್ದವನು ಲಾರಿ ಬೋರ್ಡ್ ಬರೆಯುವ ಚಿಕ್ಕತಿಮ್ಮಪ್ಪ. ಅವನು ತೀರಿಕೊಂಡ ವರ್ಷ ಊರ ಹಿರಿಯ ಮುರುಗಪ್ಪ ನೇರ ದೇವಿಕಾಳ ಬಳಿಗೆ ಬಂದ.

"ಈ ಸಲ ನೀನೇ ಬಣ್ಣ ಹಚ್ಚವ್ವ. ಕಲೆ ಓದೀಯಲ್ಲ."

"ಹಚ್ಚಲ್ಲ ಮಾವ, ತೆಗಿತೀನಿ. ಇಷ್ಟು ದಪ್ಪ ಪೇಂಟಿನ ಕೆಳಗೆ ಆ ಕಾಲದ ನಿಜವಾದ ಮುಖ ಐತೆ. ನೋಡೀರಂತೆ."

ಹಾಗೆ ಹೇಳಲು ಅವಳಿಗೆ ಇನ್ನೊಂದು ಕಾರಣವೂ ಇತ್ತು. ಹಳೆಯ ಗುಡಿಗಳನ್ನು ದುರಸ್ತಿ ಮಾಡುವ ಚಿತ್ರದುರ್ಗದ ಗುತ್ತಿಗೆದಾರರೊಬ್ಬರಿಗೆ ಸಹಾಯಕರು ಬೇಕಿತ್ತು. ಒಂದು ಕಲ್ಲನ್ನು ಶುದ್ಧ ಮಾಡಿ ತೋರಿಸಿ ಎಂದಿದ್ದರು. ಅದು ಸಿಕ್ಕರೆ, ಓದಿದ್ದಕ್ಕೆ ಸರಿಯಾದ ಕೆಲಸ ಹಿಡಿದವರು ನಮ್ಮ ಬ್ಯಾಚಿನಲ್ಲಿ ಒಬ್ಬರಾದರೂ ಇದ್ದಂತಾಗುತ್ತಿತ್ತು. ಮುರುಗಪ್ಪ ಅನುಮಾನಿಸಿದ. ಯತ್ತಪ್ಪ ಮಾತ್ರ, "ನನ್ ಮಗಳು ಓದ್ಯಾಳೆ. ಗೊತ್ತಿಲ್ದೆ ಹೇಳಲ್ಲ," ಎಂದುಬಿಟ್ಟ.

ಬಣ್ಣ ಕರಗಿಸುವ ಔಷಧಿ, ಬಿದಿರ ಕಡ್ಡಿ, ಹತ್ತಿ ಹಿಡಿದು ಅವಳು ಕೆಳಗಿನಿಂದ ಶುರು ಮಾಡಿದಳು. ಮೊದಲು ಕುರಿಗಾಹಿಯ ನಾಯಿ ಕಾಣಿಸಿತು, ಆಮೇಲೆ ಹುಲಿಯ ಪಂಜ, ಕಚ್ಚೆಯ ನಿರಿಗೆ, ಬಿಗಿದ ಮುಷ್ಟಿ. ಊರವರು ಬಂದು ನಿಂತು ನೋಡಿ ಹೋದರು. ಅವಳು ಕಳಿಸಿದ ಫೋಟೊ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಚೆನ್ನಾಗಿತ್ತು ಕೆಲಸ.

ಮುಖವನ್ನು ಕೊನೆಗೆ ಇಟ್ಟುಕೊಂಡಿದ್ದಳು. ಹಳದಿ ಹೋಯಿತು, ಅದರಡಿಯ ಕೆಂಪು ಹೋಯಿತು, ಅದರಡಿಯಲ್ಲಿ ಗಾರೆ. ಗಾರೆ ತನ್ನಷ್ಟಕ್ಕೇ ಉದುರಿತು. ಉಳಿದದ್ದು ಒಂದು ತಗ್ಗು. ಯಾವ ಕಾಲದಲ್ಲೋ ಕಲ್ಲಿನ ಮುಖ ಒಡೆದುಹೋಗಿತ್ತು. ಯಾರೋ ಗಾರೆ ತುಂಬಿದ್ದರು, ಅಂದಿನಿಂದ ಅದರ ಮೇಲೆ ಬರೆಯುತ್ತ ಬಂದಿದ್ದರು. ಈರಗಾರಪ್ಪನಿಗೆ ಇದ್ದದ್ದು ಬಣ್ಣದ ಮುಖ ಒಂದೇ. ಅದನ್ನು ಅವಳು ಹತ್ತಿಯಲ್ಲಿ ಒರೆಸಿ ತೆಗೆದಿದ್ದಳು.

ಮರುದಿನ ಬೆಳಗ್ಗೆ ಯತ್ತಪ್ಪ ಚೊಂಬು ಹಿಡಿದು ಬಂದವನು ನೀರು ಹಾಕದೆ ನಿಂತ. ಮಗಳನ್ನು ಬೈಯಲಿಲ್ಲ.

"ನಾನೀಗ ಯಾರ ಮುಖ ನೋಡಿ ಕುರಿ ಬಿಡ್ಲವ್ವ?" ಎಂದ.

ಅವತ್ತು ರೊಪ್ಪದ ಬಾಗಿಲು ತೆಗೆಯಲಿಲ್ಲ. ಅವನ ಹೆಂಡತಿ ಓಬಕ್ಕ ಸೊಪ್ಪು ಕಡಿದು ತಂದು ಕುರಿಗಳಿಗೆ ಹಾಕಿದಳು. ಅಷ್ಟು ಕುರಿಗೆ ಅದು ಎಲ್ಲಿಗೆ ಸಾಕು? ಪೇಂಟರ್ ಒಬ್ಬನನ್ನು ಕರೆಸಾಣ ಎಂದು ಮುರುಗಪ್ಪ ಹೇಳಿದಾಗ ಯತ್ತಪ್ಪ, "ಬ್ಯಾಡ. ತೆಗೆದೋಳೇ ಬರೀಲಿ," ಎಂದು ಗೋಡೆ ಕಡೆ ತಿರುಗಿ ಕುಳಿತ.

ಅತ್ತ ಗುತ್ತಿಗೆದಾರರಿಗೆ ಫೋಟೊಗಳು ಬಹಳ ಹಿಡಿಸಿದ್ದವು. "ಮುಖ ಇಲ್ಲದಿದ್ದರೆ ಇಲ್ಲ, ಹಾಗೇ ಇರಲಿ. ಮತ್ತೆ ಬಣ್ಣ ಮಾತ್ರ ಮುಟ್ಟಿಸಬೇಡಿ. ಸೋಮವಾರ ಬಂದು ನೋಡ್ತೀನಿ," ಎಂದರು. ನಮಗೆ ಕಲಿಸಿದ್ದೂ ಅದನ್ನೇ.

ದೇವಿಕಾ ನನಗೆ ಫೋನ್ ಮಾಡಿದಳು. ಸೋಮವಾರದವರೆಗೆ ತಡೆದುಕೋ, ಕೆಲಸ ಖಾತ್ರಿಯಾದ ಮೇಲೆ ಏನು ಬೇಕಾದರೂ ಬರಿ ಎಂದೆ. ಇವತ್ತಿಗೂ ಅದು ಬುದ್ಧಿಯ ಮಾತೇ ಎಂದು ನನ್ನ ಅಭಿಪ್ರಾಯ.

"ಕುರಿ ಒದರ್ತಾ ಅವೆ ಕಣೋ," ಎಂದಳು. "ಕೇಳಿಸ್ತಾ ಐತಾ ನಿಂಗೆ?"

ಕೇಳಿಸುತ್ತಿತ್ತು.

ಅವಳು ತಗ್ಗಿಗೆ ಗಾರೆ ತುಂಬಿ ಒಣಗಲು ಬಿಟ್ಟಳು. ಮರುದಿನ, ಶನಿವಾರ, ಹೊತ್ತು ಮೂಡುವಾಗ ಬ್ರಷ್ ಹಿಡಿದು ಕುಳಿತಳು. ಮೀಸೆ ಹೇಗೋ ಆಯಿತು. ಎಡಗಣ್ಣೂ ಆಯಿತು. ಬಲಗಣ್ಣಿಗೆ ಬಂದಾಗ ಗುಡ್ಡೆ ಮೂಲೆಗೆ ಜಾರಿತು. ಒರೆಸಲು ಹೋಗಿ ಇನ್ನಷ್ಟು ಕೆಡಿಸಿದಳು.

"ಒಂದು ಕಣ್ಣು ಓರೆ ಆತಲ್ಲವ್ವ," ಎಂದ ಮುರುಗಪ್ಪ.

ಯತ್ತಪ್ಪ ಬಹಳ ಹೊತ್ತು ನೋಡಿದ.

"ಇರ್ಲಿ ಬಿಡು," ಎಂದ ಯತ್ತಪ್ಪ. "ಕುರಿ ಕಡೀಗೆ ನೋಡ್ತಾ ಐತೆ."

ನೀರು ಹಾಕಿ, ಕೈಮುಗಿದು, ಹೋಗಿ ರೊಪ್ಪದ ಬಾಗಿಲು ತೆಗೆದ.

ಸೋಮವಾರ ಗುತ್ತಿಗೆದಾರರು ಬಂದರು. ಕಾರಿನಿಂದ ಇಳಿದು ಕಲ್ಲನ್ನೊಮ್ಮೆ ಅವಳನ್ನೊಮ್ಮೆ ನೋಡಿ ಹೊರಟುಹೋದರು. ಅವರ ದೃಷ್ಟಿಯಲ್ಲಿ ಅವರು ಮಾಡಿದ್ದು ಸರಿ. ಅದಾದ ಮೇಲೆ ಟೈಲ್ಸ್ ಅಂಗಡಿ.

ಈ ವರ್ಷ ಬಣ್ಣ ಹಚ್ಚುವ ದಿನ ಅವಳು ರಜೆ ಹಾಕಿ ಊರಿಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಮೀಸೆ, ಎಡಗಣ್ಣು ಚಕಚಕನೆ ಮುಗಿಸಿದಳು. ವರ್ಷವರ್ಷ ಬರೆದು ಕೈ ಸಾಕಷ್ಟು ಪಳಗಿದೆ. ಬಲಗಣ್ಣಿಗೆ ಬಂದಾಗ ಮೊಬೈಲ್ ತೆಗೆದು ಆ ಮೊದಲ ಶನಿವಾರದ ಫೋಟೊ ಇಟ್ಟುಕೊಂಡಳು.

"ಈಗ ಬರಿಯೋದು ಬರುತ್ತಲ್ಲ," ಎಂದೆ. "ಈ ಸಲ ಕಣ್ಣು ನೆಟ್ಟಗೆ ಮಾಡಿಬಿಡು."

"ಸುಮ್ನಿರೋ," ಎಂದಳು ಫೋಟೊದಿಂದ ಕಣ್ಣು ತೆಗೆಯದೆ. "ಅಷ್ಟೇ ಓರೆ ಬರ್ಬೇಕು. ಒಂಚೂರು ಹೆಚ್ಚುಕಮ್ಮಿ ಆದ್ರೂ ಅಪ್ಪಂಗೆ ಗೊತ್ತಾಗ್ತೈತೆ."

ನಮ್ಮ ಹಿಂದೆ ಯತ್ತಪ್ಪ ಚೊಂಬು ಹಿಡಿದು ಕಾಯುತ್ತ ನಿಂತಿದ್ದ.